ಅವಧಾನ ಮತ್ತು ಮಂಗಳ: ಡಿಜಿಟಲ್ ತಂತ್ರಜ್ಞಾನದ ಗಮನಗ್ರಹಣದ ಇತಿಹಾಸದಲ್ಲಿ ‘ಮುಕ್ತಾಯ’ದ ಪ್ರಶ್ನೆ

ಇಂಗ್ಲಿಷಿನ ‘ಅಟೆನ್ಷನ್’ ಎಂಬ ಪರಿಕಲ್ಪನೆಗೆ ಕನ್ನಡದಲ್ಲಿ ಸಾಮಾನ್ಯವಾಗಿ ಮೂರು ಪದಗಳು ಬಳಕೆಯಲ್ಲಿವೆ: ಗಮನ, ಲಕ್ಷ್ಯ ಮತ್ತು ಅವಧಾನ. ಮೂರೂ ಸಂಸ್ಕೃತಮೂಲದವುಗಳಾದರೂ ಅವುಗಳ ಹಿಂದಿರುವ ಚಿತ್ರ ಒಂದೇ ಅಲ್ಲ. ಗಮನವೆಂದರೆ ಮೂಲತಃ ಹೋಗುವಿಕೆ. ಮನಸ್ಸು ವಸ್ತುವಿನೆಡೆಗೆ ಚಲಿಸುತ್ತದೆ ಎಂಬುದು ಅದರ ಭಾವ. ಲಕ್ಷ್ಯವೆಂದರೆ ಗುರಿ, ಇಲ್ಲಿ ಮನಸ್ಸು ಬಾಣವಾಗುತ್ತದೆ. ಅವಧಾನವೆಂದರೆ ಒಂದೆಡೆ ಇರಿಸುವುದು, ನೆಲೆಗೊಳಿಸುವುದು. ಮೂರರಲ್ಲಿಯೂ ಕರ್ತೃ ಮನಸ್ಸುಳ್ಳವನೇ: ಹೋಗುವವನು, ಗುರಿಯಿಡುವವನು, ಇರಿಸುವವನು. ಕಳೆದ ಕೆಲವು ದಶಕಗಳಲ್ಲಿ ಈ ಪದಗಳೊಡನೆ ಸೆಳೆ, ಹಿಡಿ, ಕಸಿ ಎಂಬ ಕ್ರಿಯಾಪದಗಳು ಹೆಚ್ಚು ಹೆಚ್ಚಾಗಿ ಕೂಡಿಕೊಂಡಿರುವುದು ಕೇವಲ ಶೈಲಿಯ ಬದಲಾವಣೆಯಲ್ಲ. ಕರ್ತೃತ್ವವೇ ಸ್ಥಳಾಂತರಗೊಂಡಿರುವುದರ ಕುರುಹು ಅದು.

ಅವಧಾನಕಲೆಯನ್ನು ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯ ಕಾಣದಿರದು. ಅಷ್ಟಾವಧಾನದಲ್ಲಿ ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ ಮುಂತಾದ ಅಂಗಗಳ ಜೊತೆಗೆ ಅಪ್ರಸ್ತುತ ಪ್ರಸಂಗವೆಂಬ ಅಂಗವೂ ಉಂಟು. ಅದನ್ನು ನಿರ್ವಹಿಸುವ ಪೃಚ್ಛಕನ ಕೆಲಸವೇ ಸಂಬಂಧವಿಲ್ಲದ ಪ್ರಶ್ನೆಗಳಿಂದ ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದು. ಚಿತ್ತವಿಕ್ಷೇಪವನ್ನು ಸಭೆಯೊಳಗೇ ಕೂರಿಸಿ, ಅದಕ್ಕೊಂದು ಆಸನ ಕೊಟ್ಟು, ಅದರ ಮಿತಿಯನ್ನೂ ಗೊತ್ತುಮಾಡಿದ ಕಲೆ ಇದು. ವಿಕ್ಷೇಪ ಮಾಡುವವನು ಎಲ್ಲರ ಕಣ್ಣಿಗೆ ಕಾಣುತ್ತಾನೆ. ಕಾರ್ಯಕ್ರಮ ಮುಗಿದೊಡನೆ ಅವನ ಅಧಿಕಾರವೂ ಮುಗಿಯುತ್ತದೆ. ಡಿಜಿಟಲ್ ಯುಗದಲ್ಲಿ ಅಪ್ರಸ್ತುತ ಪ್ರಸಂಗಿಯೇ ಸಭೆಯ ಒಡೆಯನಾದನು, ಮತ್ತು ಸಭೆಗೆ ಮುಕ್ತಾಯವೇ ಇಲ್ಲವಾಯಿತು. ಇದು ಹೇಗೆ ನಡೆಯಿತು, ಯಾವ ಹಂತಗಳಲ್ಲಿ, ಯಾವ ಉದ್ದೇಶಗಳಿಂದ ನಡೆಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಎರಡು ಬಗೆಯ ನಿಲುವುಗಳು ಪ್ರಚಲಿತವಾಗಿವೆ. ಒಂದು, ಎಲ್ಲವೂ ಸ್ಮಾರ್ಟ್‌ಫೋನಿನಿಂದ ಆರಂಭವಾಯಿತೆಂಬ ನಿಲುವು. ಇನ್ನೊಂದು, ಇದರಲ್ಲಿ ಹೊಸತೇನೂ ಇಲ್ಲ, ಪತ್ರಿಕೆ, ರೇಡಿಯೋ, ದೂರದರ್ಶನಗಳ ಕಾಲದಲ್ಲಿ ನಡೆದುದೇ ಈಗಲೂ ನಡೆಯುತ್ತಿದೆ ಎಂಬ ನಿಲುವು. ಗಮನವನ್ನು ಕೊಂಡು ಮಾರುವ ವ್ಯಾಪಾರದ ಪರಂಪರೆಯನ್ನು ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳಿಂದ ಗುರುತಿಸಿದ ಟಿಮ್ ವೂ ಅವರ ‘ದಿ ಅಟೆನ್ಷನ್ ಮರ್ಚೆಂಟ್ಸ್’ (2016) ಪ್ರಕಟವಾದ ಮೇಲೆ ಎರಡನೆಯ ನಿಲುವಿಗೆ ಹೆಚ್ಚಿನ ಬಲ ಬಂದಿದೆ. ವ್ಯಾಪಾರದ ಮಟ್ಟಿಗೆ ಅದು ಸರಿಯೇ. ವಿಧಾನದ ಮಟ್ಟಿಗೆ ಮಾತ್ರ ಅದನ್ನು ಒಪ್ಪುವುದು ಕಷ್ಟ. ಸೆಳೆಯುವ ಆಸೆ ಹಳೆಯದು; ಸೆಳೆದುದನ್ನು ಬಿಡದಿರುವ ಉಪಾಯ ಹೊಸತು. ಈ ವ್ಯತ್ಯಾಸ ಸ್ಪಷ್ಟವಾಗಿ ತೋರುವುದು ಮುಕ್ತಾಯದ ಪ್ರಶ್ನೆಯಲ್ಲಿ.

ಮಾರುಕಟ್ಟೆಗೆ ಬಂದ ಗಮನ

1833ರ ಸೆಪ್ಟೆಂಬರ್ 3ರಂದು ಬೆಂಜಮಿನ್ ಡೇ ಎಂಬ ಮುದ್ರಕನು ನ್ಯೂಯಾರ್ಕ್ ನಗರದಲ್ಲಿ ‘ದಿ ಸನ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. ಅಂದಿನ ಪ್ರತಿಷ್ಠಿತ ಪತ್ರಿಕೆಗಳ ಬೆಲೆ ಆರು ಸೆಂಟ್ ಇದ್ದಾಗ ಇವನದರ ಬೆಲೆ ಒಂದೇ ಸೆಂಟ್. ಆ ಬೆಲೆಯಲ್ಲಿ ನಷ್ಟ ನಿಶ್ಚಿತ. ಆದರೆ ಓದುಗರ ಸಂಖ್ಯೆಯನ್ನು ತೋರಿಸಿ ಜಾಹೀರಾತುದಾರರಿಂದ ಹಣ ಪಡೆಯಬಹುದೆಂಬುದು ಅವನ ಎಣಿಕೆ. ಓದುಗನು ಗಿರಾಕಿಯ ಸ್ಥಾನದಿಂದ ಸರಕಿನ ಸ್ಥಾನಕ್ಕೆ ಸರಿದ ಗಳಿಗೆ ಅದು. ಎರಡು ವರ್ಷಗಳ ಬಳಿಕ, 1835ರ ಆಗಸ್ಟಿನಲ್ಲಿ, ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲ್ ಚಂದ್ರನ ಮೇಲೆ ಬಾವಲಿರೆಕ್ಕೆಯ ಮನುಷ್ಯರನ್ನು ಕಂಡರೆಂಬ ಕಟ್ಟುಕಥೆಯನ್ನು ಇದೇ ಪತ್ರಿಕೆ ಕಂತುಕಂತಾಗಿ ಪ್ರಕಟಿಸಿತು. ಸುಳ್ಳುಸುದ್ದಿ ಅಂತರ್ಜಾಲದ ಕೂಸೆಂದು ನಂಬುವವರು ಈ ಪ್ರಕರಣವನ್ನು ಒಮ್ಮೆ ನೋಡುವುದು ಒಳಿತು.

ಆದರೂ ‘ದಿ ಸನ್’ ಪತ್ರಿಕೆಗೆ ಕೊನೆಯ ಪುಟವಿತ್ತು. ಓದಿ ಮುಗಿದ ಮೇಲೆ ನಾಳೆಯವರೆಗೆ ಕಾಯಲೇಬೇಕಿತ್ತು. ಯಾವ ಓದುಗನು ಯಾವ ಸುದ್ದಿಯ ಮೇಲೆ ಎಷ್ಟು ಹೊತ್ತು ಕಣ್ಣು ನಿಲ್ಲಿಸಿದನೆಂಬುದು ಸಂಪಾದಕನಿಗೆ ತಿಳಿಯುವ ಉಪಾಯವೂ ಇರಲಿಲ್ಲ. ಈ ಎರಡನೆಯ ಕೊರತೆಯನ್ನು ತುಂಬುವ ಮೊದಲ ಗಂಭೀರ ಯತ್ನ ನಡೆದುದು ರೇಡಿಯೋದಲ್ಲಿ. ಆರ್ಥರ್ ನೀಲ್ಸನ್ ಅವರ ಸಂಸ್ಥೆಯು ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡಿದ್ದ ‘ಆಡಿಮೀಟರ್’ ಎಂಬ ಉಪಕರಣದ ಹಕ್ಕುಗಳನ್ನು 1936ರಲ್ಲಿ ಪಡೆದು, 1942ರಲ್ಲಿ ಅಮೆರಿಕದಾದ್ಯಂತ ರೇಡಿಯೋ ಮಾಪನ ಸೇವೆಯನ್ನು ಆರಂಭಿಸಿತು. 1950ರಲ್ಲಿ ಅದನ್ನು ದೂರದರ್ಶನಕ್ಕೂ ವಿಸ್ತರಿಸಿತು. ಆಯ್ದ ಮನೆಗಳ ಪೆಟ್ಟಿಗೆಯಲ್ಲಿ ಯಾವ ಹೊತ್ತಿಗೆ ಯಾವ ನಿಲಯ ಹಚ್ಚಲಾಗಿತ್ತೆಂಬುದನ್ನು ಆ ಉಪಕರಣ ದಾಖಲಿಸುತ್ತಿತ್ತು. ಪೆಟ್ಟಿಗೆಯ ಮುಂದೆ ಯಾರಾದರೂ ಕುಳಿತಿದ್ದರೇ ಇಲ್ಲವೇ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ.

ಇದೇ ಕಾಲದಲ್ಲಿ ಪ್ರೇಕ್ಷಕನ ಕೈಗೂ ಒಂದು ಆಯುಧ ಬಂದುದನ್ನು ಇಲ್ಲಿ ಹೇಳಬೇಕು. ಜೆನಿತ್ ಕಂಪೆನಿಯ ಯೂಜೀನ್ ಪಾಲಿ 1955ರಲ್ಲಿ ರೂಪಿಸಿದ ತಂತಿರಹಿತ ದೂರನಿಯಂತ್ರಕದ ಪ್ರಚಾರದಲ್ಲಿ ಕಂಪೆನಿಯು ಎತ್ತಿಹಿಡಿದ ಗುಣವೆಂದರೆ, ಬೇಸರ ತರಿಸುವ ಜಾಹೀರಾತಿನ ಬಾಯಿ ಮುಚ್ಚಿಸಬಹುದೆಂಬುದು. ಮರುವರ್ಷ ರಾಬರ್ಟ್ ಆಡ್ಲರ್ ಅವರ ಧ್ವನಿತರಂಗ ಆಧಾರಿತ ನಿಯಂತ್ರಕ ಬಂದಿತು. ಬೇಡವೆನ್ನುವ ಹಕ್ಕಿಗಾಗಿ ಹುಟ್ಟಿದ ಸಾಧನವೇ ಚಾನೆಲ್‌ಗಳು ಹೆಚ್ಚಿದಂತೆ ಗೊತ್ತುಗುರಿಯಿಲ್ಲದೆ ಗುಂಡಿ ಒತ್ತುತ್ತ ಕೂರುವ ಅಭ್ಯಾಸಕ್ಕೆ ಕಾರಣವಾಯಿತು. ಬೆರಳು ತನ್ನಷ್ಟಕ್ಕೆ ಚಲಿಸುವ ಚರಿತ್ರೆಯಲ್ಲಿ ಈ ಸಾಧನಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಭಾರತದ ಮಟ್ಟಿಗೆ ಮುಕ್ತಾಯದ ಅನುಭವಕ್ಕೆ ‘ರಾಮಾಯಣ’ ಧಾರಾವಾಹಿಗಿಂತ ಉತ್ತಮ ನಿದರ್ಶನ ದೊರೆಯದು. 1987ರ ಜನವರಿ 25ರಿಂದ ಭಾನುವಾರ ಬೆಳಗಿನ ವೇಳೆ ದೂರದರ್ಶನದಲ್ಲಿ ಅದು ಪ್ರಸಾರವಾಗತೊಡಗಿದಾಗ ಬೀದಿಗಳು ಬರಿದಾಗುತ್ತಿದ್ದುದು ಸರ್ವವಿದಿತ. ಗಮನವನ್ನು ಅಷ್ಟು ಪೂರ್ಣವಾಗಿ ಹಿಡಿದ ಕಾರ್ಯಕ್ರಮಗಳು ವಿರಳ. ಆದರೆ ಕಂತು ಮುಗಿದ ಕೂಡಲೇ ನೆರೆಮನೆಯವರು ಎದ್ದು ಹೋಗುತ್ತಿದ್ದರು, ಅಂಗಡಿಗಳು ತೆರೆಯುತ್ತಿದ್ದವು. ಮುಂದಿನ ಕಂತನ್ನು ಆಗಲೇ ನೋಡಬೇಕೆಂದು ಯಾರಾದರೂ ಬಯಸಿದ್ದರೂ ಅದು ಸಾಧ್ಯವಿರಲಿಲ್ಲ. ಕರ್ನಾಟಕದ ಪ್ರದರ್ಶನಪರಂಪರೆಯಲ್ಲಂತೂ ಮುಕ್ತಾಯವೇ ಒಂದು ವಿಧಿ. ರಾತ್ರಿಯಿಡೀ ನಡೆವ ಬಯಲಾಟವೂ ಬೆಳಗಿನ ಹೊತ್ತಿಗೆ ಮಂಗಳ ಹಾಡಿ ಮುಗಿಯುತ್ತಿತ್ತು. ಗಮಕವಾಚನವು ಸಂಧಿ ಮುಗಿದಲ್ಲಿ ನಿಲ್ಲುತ್ತಿತ್ತು. ಚಲನಚಿತ್ರದ ತೆರೆಯ ಮೇಲೆ ‘ಶುಭಂ’ ಎಂದು ಮೂಡುತ್ತಿತ್ತು. ಇವು ಯಾವುವೂ ಪ್ರೇಕ್ಷಕನ ಹಿತಕ್ಕಾಗಿಯೇ ರೂಪಿಸಿದ ಏರ್ಪಾಡುಗಳಲ್ಲ. ಸೂರ್ಯೋದಯ, ಕಲಾವಿದರ ದಣಿವು, ಫಿಲ್ಮ್ ಸುರುಳಿಯ ಉದ್ದ, ಪ್ರಸಾರವೇಳೆಯ ಕೊರತೆಗಳೇ ಅವುಗಳ ಹಿಂದಿನ ಕಾರಣಗಳು. ಹಳೆಯ ಮಾಧ್ಯಮಗಳು ಜನರನ್ನು ಬಿಟ್ಟುಕೊಟ್ಟದ್ದು ಔದಾರ್ಯದಿಂದಲ್ಲ, ಅಸಾಮರ್ಥ್ಯದಿಂದ. ಈ ಅಸಾಮರ್ಥ್ಯವನ್ನು ತಂತ್ರಜ್ಞಾನ ನೀಗಿಸಿದಾಗ ಬಿಟ್ಟುಕೊಡಬೇಕಾದ ಕಾರಣವೂ ಇಲ್ಲವಾಯಿತು.

ಮೊಲ, ಪಾರಿವಾಳ ಮತ್ತು ಜೂಜಿನ ಯಂತ್ರ

ಸಮಸ್ಯೆಯ ಆರ್ಥಿಕ ಸ್ವರೂಪವನ್ನು ಮೊದಲು ಖಚಿತವಾಗಿ ಗುರುತಿಸಿದವರು ಹರ್ಬರ್ಟ್ ಸೈಮನ್. 1969ರಲ್ಲಿ ಮಾಡಿ 1971ರಲ್ಲಿ ಪ್ರಕಟಿಸಿದ ಉಪನ್ಯಾಸವೊಂದರಲ್ಲಿ ಅವರು ನೆರೆಮನೆಯ ಮಗುವಿಗೆ ಉಡುಗೊರೆಯಾಗಿ ಬಂದ ಜೋಡಿ ಮೊಲಗಳ ದೃಷ್ಟಾಂತವನ್ನು ಕೊಡುತ್ತಾರೆ. ಮೊಲಗಳು ಹೆಚ್ಚಿದ ಲೋಕದಲ್ಲಿ ಸೊಪ್ಪಿಗೆ ಬರ ಬರುತ್ತದೆ. ಹಾಗೆಯೇ ಮಾಹಿತಿ ಹೆಚ್ಚಿದ ಲೋಕದಲ್ಲಿ ಮಾಹಿತಿಯು ಮೇಯುವ ವಸ್ತುವಾದ ಗಮನಕ್ಕೆ ಬರ ಬರುತ್ತದೆ. ಮುಂದೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಈ ವಿದ್ವಾಂಸರ ಆಗಿನ ಚಿಂತೆ ಸಂಸ್ಥೆಗಳ ಆಡಳಿತಕ್ಕೆ ಸಂಬಂಧಿಸಿದ್ದು. ಅಧಿಕಾರಿಯ ಮೇಜಿಗೆ ಬರುವ ಕಡತಗಳನ್ನು ಕಡಿಮೆ ಮಾಡುವ, ಎಂದರೆ ಗಮನವನ್ನು ಉಳಿಸಿಕೊಡುವ ಗಣಕವ್ಯವಸ್ಥೆಯನ್ನು ಅವರು ಕಲ್ಪಿಸಿದ್ದರು. ಅವರ ಸಿದ್ಧಾಂತವನ್ನು ಉದ್ಯಮವು ಒಪ್ಪಿಕೊಂಡಿತು. ಅವರ ಪರಿಹಾರವನ್ನು ತಲೆಕೆಳಗು ಮಾಡಿತು. ವಿರಳವಾದ ವಸ್ತುವಿಗೆ ಬೆಲೆ ಹೆಚ್ಚು ಎಂಬುದಷ್ಟೇ ಅದರ ಕಿವಿಗೆ ಬಿದ್ದದ್ದು.

ಇನ್ನೊಂದು ಎಳೆ ಮನೋವಿಜ್ಞಾನದ್ದು. ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಬೃಹತ್ ಸಂಶೋಧನೆಯಲ್ಲಿ ಪಾರಿವಾಳಗಳು ಗುಂಡಿಯನ್ನು ಕುಕ್ಕಿದಾಗ ಕಾಳು ದೊರೆಯುವ ಹಲವು ಕ್ರಮಗಳನ್ನು ಹೋಲಿಸಿ ನೋಡಿದ್ದರು. ನಿಗದಿತ ಸಂಖ್ಯೆಯ ಕುಕ್ಕುಗಳಿಗೆ ಕಾಳು ಕೊಟ್ಟರೆ ಕಾಳು ದೊರೆತ ಮೇಲೆ ಹಕ್ಕಿ ತುಸು ವಿರಮಿಸುತ್ತದೆ. ಎಷ್ಟನೆಯ ಕುಕ್ಕಿಗೆ ಕಾಳು ಬರುವುದೆಂಬುದು ಅನಿಶ್ಚಿತವಾಗಿದ್ದರೆ ವಿರಾಮವೇ ಇಲ್ಲದೆ ಕುಕ್ಕುತ್ತ ಹೋಗುತ್ತದೆ. ನಿಶ್ಚಯವಿರುವಲ್ಲಿ ವಿರಾಮವಿದೆ, ಅನಿಶ್ಚಯವಿರುವಲ್ಲಿ ಇಲ್ಲ ಎಂಬ ಈ ಫಲಿತಾಂಶವನ್ನು ಜೂಜಿನ ಯಂತ್ರಗಳ ತಯಾರಕರು ತಮ್ಮ ಅನುಭವದಿಂದಲೇ ಬಲ್ಲವರಾಗಿದ್ದರು. ಯಾಂತ್ರಿಕ ಚಕ್ರಗಳ ಕಾಲದಲ್ಲಿ ಚಕ್ರದ ಗಾತ್ರವೇ ಅವರ ಆಟಕ್ಕೆ ಮಿತಿಯಾಗಿತ್ತು. ಇಂಗೆ ಟೆಲ್ನೆಸ್ ಎಂಬವರಿಗೆ 1984ರಲ್ಲಿ ದೊರೆತ ಹಕ್ಕುಸ್ವಾಮ್ಯವು ಆ ಮಿತಿಯನ್ನು ತೆಗೆದುಹಾಕಿತು. ಫಲಿತಾಂಶವನ್ನು ಗಣಕವು ಯಾದೃಚ್ಛಿಕ ಸಂಖ್ಯೆಯಿಂದ ನಿರ್ಧರಿಸುವುದು, ಕಣ್ಣೆದುರಿನ ಚಕ್ರ ಅದನ್ನು ಅಭಿನಯಿಸುವುದು. ಆಟಗಾರ ಕಾಣುವ ಯಂತ್ರವೇ ಬೇರೆ, ಆಡುವ ಯಂತ್ರವೇ ಬೇರೆ. ಲಾಸ್ ವೇಗಾಸಿನಲ್ಲಿ ದೀರ್ಘಕಾಲ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞೆ ನತಾಶಾ ಡೋ ಶುಲ್ ತಮ್ಮ 2012ರ ಗ್ರಂಥದಲ್ಲಿ ದಾಖಲಿಸುವ ಸಂಗತಿ ಇನ್ನೂ ಗಂಭೀರವಾದುದು: ಅನೇಕ ಆಟಗಾರರು ಆಡುತ್ತಿದ್ದುದು ಗೆಲ್ಲುವುದಕ್ಕಲ್ಲ, ಆಡುತ್ತಲೇ ಇರುವುದಕ್ಕೆ.

ಮೊಬೈಲ್ ತೆರೆಯನ್ನು ಜೂಜಿನ ಯಂತ್ರಕ್ಕೆ ಹೋಲಿಸುವುದು ಈಗ ಸವಕಲು ಮಾತಾಗಿದೆ. ಆ ಹೋಲಿಕೆಯನ್ನು ಎಚ್ಚರದಿಂದ ಬಳಸಬೇಕು. ಪ್ರತಿಯೊಂದು ಆ್ಯಪ್‌ನ ವಿನ್ಯಾಸಕಾರನೂ ಸ್ಕಿನ್ನರನನ್ನು ಓದಿ ಕೆಲಸಕ್ಕೆ ಕುಳಿತನೆಂದು ಭಾವಿಸಲು ಆಧಾರವಿಲ್ಲ. ಆದರೆ ಮನೋವಿಜ್ಞಾನದಿಂದ ತಂತ್ರಾಂಶಕ್ಕೆ ಸಾಗಿದ ಒಂದು ದಾರಿಯಂತೂ ದಾಖಲೆಯಲ್ಲಿದೆ. ಬಿ. ಜೆ. ಫಾಗ್ 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ‘ಮನವೊಲಿಸುವ ತಂತ್ರಜ್ಞಾನ’ದ ಪ್ರಯೋಗಶಾಲೆಯನ್ನು ಸ್ಥಾಪಿಸಿದರು, 2003ರಲ್ಲಿ ಅದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. ಗಣಕವು ಮನುಷ್ಯನ ವರ್ತನೆಯನ್ನು ಬದಲಿಸುವ ಬಗೆಯನ್ನು ಅಧ್ಯಯನ ಮಾಡುವುದು ಅಲ್ಲಿನ ಧ್ಯೇಯ. ಧೂಮಪಾನ ಬಿಡಿಸುವುದು, ವ್ಯಾಯಾಮಕ್ಕೆ ಪ್ರೇರೇಪಿಸುವುದು ಮುಂತಾದ ಸದುದ್ದೇಶಗಳು ಅವರ ಕಣ್ಣ ಮುಂದಿದ್ದವು, ಗ್ರಂಥದಲ್ಲಿ ನೀತಿಯ ಕುರಿತೇ ಒಂದು ಅಧ್ಯಾಯವೂ ಇತ್ತು. 2007ರಲ್ಲಿ ಅವರು ಫೇಸ್‌ಬುಕ್ ಆ್ಯಪ್‌ಗಳನ್ನು ರಚಿಸುವ ತರಗತಿಯನ್ನು ನಡೆಸಿದಾಗ ವಿದ್ಯಾರ್ಥಿಗಳ ಕಿರುತಂತ್ರಾಂಶಗಳು ಕೆಲವೇ ವಾರಗಳಲ್ಲಿ ಲಕ್ಷಾಂತರ ಜನರನ್ನು ತಲಪಿದವು. ನೀತಿಯ ಅಧ್ಯಾಯವನ್ನು ಎಷ್ಟು ಮಂದಿ ಓದಿದರೆಂಬುದನ್ನು ಅಳೆಯುವ ಉಪಕರಣ ಮಾತ್ರ ಇರಲಿಲ್ಲ.

ಅಂಚಿಲ್ಲದ ಪುಟ

ಜಾಲತಾಣಗಳ ಮೊದಲ ದಶಕದಲ್ಲಿ ಪುಟಕ್ಕೆ ಅಂಚಿತ್ತು. ಹುಡುಕಾಟದ ಫಲಿತಾಂಶವಾಗಲಿ ಸುದ್ದಿಯ ಪಟ್ಟಿಯಾಗಲಿ ಹತ್ತೋ ಇಪ್ಪತ್ತೋ ಸಾಲುಗಳಾದ ಮೇಲೆ ಮುಗಿದು, ಮುಂದಿನ ಪುಟಕ್ಕೆ ಹೋಗಲು ಗುಂಡಿಯನ್ನು ಒತ್ತಬೇಕಿತ್ತು. ಒತ್ತುವ ಮುನ್ನ ಒಂದು ಕ್ಷಣ ‘ಇನ್ನು ಸಾಕೇ?’ ಎಂದು ಮನಸ್ಸು ಕೇಳಿಕೊಳ್ಳುತ್ತಿತ್ತು. 1994ರ ಅಕ್ಟೋಬರಿನಲ್ಲಿ ‘ಹಾಟ್‌ವೈರ್ಡ್’ ತಾಣದಲ್ಲಿ ಮೊದಲ ಪಟ್ಟಿಜಾಹೀರಾತು ಕಾಣಿಸಿಕೊಂಡಿತ್ತು. ಅದೇ ವರ್ಷ ನೆಟ್‌ಸ್ಕೇಪ್ ಕಂಪೆನಿಯ ಲೂ ಮೊಂಟುಲಿ ‘ಕುಕಿ’ ಎಂಬ ಗುರುತುಚೀಟಿಯನ್ನು ರೂಪಿಸಿದ್ದರು. ಖರೀದಿಯ ಚೀಲದಲ್ಲಿ ಏನಿದೆಯೆಂದು ತಾಣವು ನೆನಪಿಟ್ಟುಕೊಳ್ಳಲೆಂದು ಹುಟ್ಟಿದ ಈ ಚೀಟಿಯು ಬಹುಬೇಗ ಓದುಗನನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸುವ ಸಾಧನವಾಯಿತು. ಆಡಿಮೀಟರು ಬಯಸಿ ಸಾಧಿಸಲಾರದುದನ್ನು ಇದು ಸಾಧಿಸಿತು: ಇನ್ನು ಮೇಲೆ ಅಳತೆಯಾಗುವುದು ಮನೆಯಲ್ಲ, ಮಾದರಿಯಲ್ಲ, ಒಬ್ಬೊಬ್ಬ ವ್ಯಕ್ತಿ.

ಅಂಚನ್ನು ಅಳಿಸಿದ ಕೀರ್ತಿ ಅಥವಾ ಅಪಕೀರ್ತಿ ಸಾಮಾನ್ಯವಾಗಿ ಅಝಾ ರಾಸ್ಕಿನ್ ಅವರಿಗೆ ಸಲ್ಲುತ್ತದೆ. 2006ರಲ್ಲಿ ಅವರು ರೂಪಿಸಿದ ಕೊನೆಯಿಲ್ಲದ ಸುರುಳಿಯಲ್ಲಿ ಓದುಗನು ಪುಟದ ತಳ ಮುಟ್ಟುವ ಮುನ್ನವೇ ಹೊಸ ವಿಷಯ ತಾನಾಗಿ ಬಂದು ಸೇರುತ್ತಿತ್ತು. ಉದ್ದೇಶ ಅನುಕೂಲತೆ, ಪದೇಪದೇ ಗುಂಡಿ ಒತ್ತಿಸುವುದು ವಿನ್ಯಾಸಕಾರನ ಸೋಲೆಂಬುದು ಅಂದಿನ ವೃತ್ತಿಧರ್ಮ. 2018ರಲ್ಲಿ ಸಂದರ್ಶನಗಳಲ್ಲಿ ಅವರು ಇದಕ್ಕಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಆ ಪಶ್ಚಾತ್ತಾಪ ಪ್ರಾಮಾಣಿಕವೇ ಇರಬಹುದು; ಆದರೆ ಒಬ್ಬ ವ್ಯಕ್ತಿಯ ಶೋಧಕ್ಕೆ ಇಷ್ಟು ಹೊಣೆ ಹೊರಿಸುವುದು ಇತಿಹಾಸಕ್ಕೆ ಸಲ್ಲದ ಮಾತು. ತಂತ್ರವು ಲಭ್ಯವಿದ್ದುದರಿಂದಲ್ಲ, ಅದನ್ನು ಬಳಸಿದವರಿಗೆ ಲಾಭವಿದ್ದುದರಿಂದ ಅದು ಹಬ್ಬಿತು.

ಅದೇ ವರ್ಷದ ಸೆಪ್ಟೆಂಬರ್ 5ರಂದು ಫೇಸ್‌ಬುಕ್ ‘ನ್ಯೂಸ್ ಫೀಡ್’ ಅನ್ನು ಜಾರಿಗೆ ತಂದಿತು. ಅದುವರೆಗೆ ಗೆಳೆಯನ ವಿಷಯ ತಿಳಿಯಬೇಕಾದರೆ ಅವನ ಪುಟಕ್ಕೆ ಹೋಗಬೇಕಿತ್ತು. ಇನ್ನು ಮುಂದೆ ಎಲ್ಲ ಗೆಳೆಯರ ವಿಷಯವೂ ತಾನಾಗಿ ಹರಿದು ಬರುವುದು. ‘ಗಮನ’ದ ಹಳೆಯ ಅರ್ಥ ಇಲ್ಲಿ ಅಕ್ಷರಶಃ ಕಳಚಿಬಿತ್ತು, ಹೋಗುವ ಕೆಲಸವೇ ಇಲ್ಲವಾಯಿತು. ಬಳಕೆದಾರರು ಲಕ್ಷಗಳ ಸಂಖ್ಯೆಯಲ್ಲಿ ಪ್ರತಿಭಟಿಸಿದರು, ಮಾರ್ಕ್ ಜುಕರ್‌ಬರ್ಗ್ ಕ್ಷಮೆ ಯಾಚಿಸಿ ಗೋಪ್ಯತೆಯ ಕೆಲವು ನಿಯಂತ್ರಣಗಳನ್ನು ಒದಗಿಸಿದರು. ಫೀಡ್ ಮಾತ್ರ ಹಾಗೆಯೇ ಉಳಿಯಿತು. ಪ್ರತಿಭಟನೆಯ ಗುಂಪುಗಳು ಅಷ್ಟು ಬೇಗ ಬೆಳೆದುದೂ ಅದೇ ಫೀಡಿನ ಮೂಲಕವೆಂಬುದು ಈ ಪ್ರಸಂಗದ ವಿಪರ್ಯಾಸ. 2009ರ ಫೆಬ್ರವರಿಯಲ್ಲಿ ‘ಲೈಕ್’ ಗುಂಡಿ ಬಂದಿತು. ಅದೇ ವರ್ಷದ ಜೂನಿನಲ್ಲಿ ಆಪಲ್ ಕಂಪೆನಿಯು ಐಫೋನಿನಲ್ಲಿ ಬೇರೆ ಕಂಪೆನಿಗಳ ಆ್ಯಪ್‌ಗಳಿಗೂ ಸೂಚನೆಗಳನ್ನು ಕಳುಹಿಸುವ ಸೌಲಭ್ಯ ಕಲ್ಪಿಸಿತು. ಫೋನು ಕಿಸೆಯಲ್ಲಿದ್ದಾಗಲೂ ಕರೆಯಬಲ್ಲದಾಯಿತು. ಅಧಿಕಾರಿವರ್ಗದ ಬ್ಲ್ಯಾಕ್‌ಬೆರಿ ಫೋನುಗಳಲ್ಲಿ ಈ ಚಟದ ಮುನ್ಸೂಚನೆ ಆಗಲೇ ಕಂಡಿತ್ತು. ಅದನ್ನು ಕೊಕೇನಿಗೆ ಹೋಲಿಸುವ ‘ಕ್ರ್ಯಾಕ್‌ಬೆರಿ’ ಎಂಬ ಅಡ್ಡಹೆಸರನ್ನು ವೆಬ್‌ಸ್ಟರ್ಸ್ ನ್ಯೂ ವರ್ಲ್ಡ್ ನಿಘಂಟಿನ ಸಂಪಾದಕರು 2006ರ ವರ್ಷದ ಪದವಾಗಿ ಆರಿಸಿದ್ದರು. ಲೊರೆನ್ ಬ್ರಿಕ್ಟರ್ ತಮ್ಮ ‘ಟ್ವೀಟಿ’ ಆ್ಯಪ್‌ಗಾಗಿ ರೂಪಿಸಿದ, ತೆರೆಯನ್ನು ಕೆಳಗೆಳೆದು ಬಿಟ್ಟರೆ ಹೊಸ ಸಂದೇಶಗಳು ಬರುವ ವಿಧಾನವೂ ಇದೇ ಅವಧಿಯದು. ಏನು ಬರುವುದೆಂದು ಎಳೆಯುವ ಬೆರಳಿಗೆ ತಿಳಿಯದು; ಪಾರಿವಾಳಕ್ಕೆ ಕಾಳು ತಿಳಿಯದಿದ್ದಂತೆ.

ಯೂಟ್ಯೂಬಿನಲ್ಲಿ 2012ರಲ್ಲಿ ನಡೆದ ಬದಲಾವಣೆ ಇವೆಲ್ಲಕ್ಕಿಂತ ಕಡಿಮೆ ಪ್ರಚಾರ ಪಡೆದರೂ ಪರಿಣಾಮದಲ್ಲಿ ದೊಡ್ಡದು. ಅದುವರೆಗೆ ದೃಶ್ಯಗಳ ಶ್ರೇಯಾಂಕ ಮುಖ್ಯವಾಗಿ ವೀಕ್ಷಣೆಗಳ ಎಣಿಕೆಯನ್ನು ಅವಲಂಬಿಸಿತ್ತು. ಇದರಿಂದ ಮೋಸದ ಶೀರ್ಷಿಕೆ, ಮೋಸದ ಮುಖಚಿತ್ರಗಳು ಹೆಚ್ಚಿದವು. ಜನ ಒತ್ತುತ್ತಿದ್ದರು, ನಿರಾಶರಾಗಿ ಹೊರಡುತ್ತಿದ್ದರು. ಇದನ್ನು ಸರಿಪಡಿಸಲೆಂದು ಸಂಸ್ಥೆಯು ಎಣಿಕೆಯ ಬದಲು ವೀಕ್ಷಣೆಯ ಅವಧಿಯನ್ನು ಮಾನದಂಡವಾಗಿ ಸ್ವೀಕರಿಸಿತು. ಜನರು ನಿಜಕ್ಕೂ ನೋಡುವ ದೃಶ್ಯಗಳಿಗೆ ಮನ್ನಣೆ ಸಿಗಲೆಂಬ ಆಶಯ ತರ್ಕಬದ್ಧವಾಗಿಯೇ ಇತ್ತು. ಆದರೆ ಕಾಲವೇ ಅಳತೆಗೋಲಾದ ಮೇಲೆ ನಿಲ್ಲಿಸುವುದೆಂಬುದು ವ್ಯವಸ್ಥೆಯ ದೃಷ್ಟಿಯಲ್ಲಿ ದೋಷವಾಯಿತು. ದಿನಕ್ಕೆ ನೂರು ಕೋಟಿ ಗಂಟೆಗಳ ವೀಕ್ಷಣೆಯೆಂಬ ಗುರಿಯನ್ನು ಆಗಲೇ ಇಟ್ಟುಕೊಳ್ಳಲಾಯಿತು. ಅದನ್ನು ಮುಟ್ಟಿದುದಾಗಿ 2017ರ ಫೆಬ್ರವರಿಯಲ್ಲಿ ಪ್ರಕಟಿಸಲಾಯಿತು. 2016ರಲ್ಲಿ ಅಲ್ಲಿಯ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧವು ಮುಂದಿನ ದೃಶ್ಯವನ್ನು ಸೂಚಿಸುವ ನರಜಾಲ ಮಾದರಿಯನ್ನು ವಿವರಿಸುತ್ತದೆ. ಆ ಮಾದರಿಯು ಲೆಕ್ಕಹಾಕುವುದು ನಿರೀಕ್ಷಿತ ವೀಕ್ಷಣಾಕಾಲವನ್ನು. ಒಟ್ಟು ವೀಕ್ಷಣೆಯ ಶೇಕಡ 70ಕ್ಕೂ ಹೆಚ್ಚು ಭಾಗ ಇಂತಹ ಶಿಫಾರಸುಗಳಿಂದಲೇ ಬರುತ್ತಿದೆಯೆಂದು ಸಂಸ್ಥೆಯ ಉನ್ನತಾಧಿಕಾರಿ 2018ರಲ್ಲಿ ಹೇಳಿದ್ದರು. ಹುಡುಕಿಕೊಂಡು ಬಂದವನಿಗಿಂತ ಒಯ್ಯಲ್ಪಟ್ಟವನೇ ಹೆಚ್ಚು ಎಂದು ಈ ಮಾತಿನ ತಾತ್ಪರ್ಯ.

ನೆಟ್‌ಫ್ಲಿಕ್ಸ್ 2012ರಲ್ಲಿ ಜಾರಿಗೆ ತಂದ ವ್ಯವಸ್ಥೆಯಲ್ಲಿ ಕಂತು ಮುಗಿದು ಕಲಾವಿದರ ಹೆಸರುಗಳು ಬರುತ್ತಿದ್ದಂತೆ ಅವು ಮೂಲೆಗೆ ಕುಗ್ಗಿ, ಕೆಲವು ಸೆಕೆಂಡುಗಳಲ್ಲಿ ಮುಂದಿನ ಕಂತು ತಾನಾಗಿ ಆರಂಭವಾಗುತ್ತಿತ್ತು. ‘ಶುಭಂ’ ಮೂಡಬೇಕಿದ್ದ ಜಾಗದಲ್ಲಿ ಮುಂದಿನ ಕಂತಿನ ಎಣಿಕೆ ನಡೆಯುತ್ತಿತ್ತು. ತಮ್ಮ ಪೈಪೋಟಿ ನಿದ್ದೆಯೊಡನೆ ಎಂದು ಅದರ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಆಡಿದ ಮಾತನ್ನು ತಮಾಷೆಯೆಂದು ಕೆಲವರು ಬಿಟ್ಟುಬಿಡುತ್ತಾರೆ. ರಾತ್ರಿಯ ಬಯಲಾಟವೂ ನಿದ್ದೆಯೊಡನೆ ಪೈಪೋಟಿ ನಡೆಸುತ್ತಿತ್ತು ನಿಜ. ಆದರೆ ವರ್ಷದಲ್ಲಿ ಬೆರಳೆಣಿಕೆಯ ರಾತ್ರಿಗಳು ಮಾತ್ರ, ಮತ್ತು ಊರೆಲ್ಲ ಸೇರಿ ಒಪ್ಪಿದ ರಾತ್ರಿಗಳು.

ಭಾರತ ಮತ್ತು ಬೆಂಗಳೂರು

ಭಾರತದ ಬಹುಸಂಖ್ಯಾತರು ಈ ಚರಿತ್ರೆಯೊಳಕ್ಕೆ ಪ್ರವೇಶಿಸಿದುದು ತಡವಾಗಿ ಮತ್ತು ಒಮ್ಮೆಗೇ. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾದ ಮೇಲೆ ದತ್ತಾಂಶದ ಬೆಲೆ ಹಠಾತ್ತನೆ ಕುಸಿಯಿತು. ಗಣಕಯಂತ್ರ, ಮಿಂಚಂಚೆ, ಜಾಲಪುಟಗಳ ಹಂತಗಳನ್ನು ದಾಟದೆ ನೇರವಾಗಿ ಮೊಬೈಲ್ ತೆರೆಯ ಚಲಿಸುವ ಚಿತ್ರಗಳಿಗೆ ಕೋಟ್ಯಂತರ ಜನ ಬಂದು ಸೇರಿದರು. ಅಂಚಿದ್ದ ಪುಟವನ್ನು ಅವರು ಕಂಡೇ ಇರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಚೀನಾದಲ್ಲಿ ಬೈಟ್‌ಡ್ಯಾನ್ಸ್ ಸಂಸ್ಥೆಯು ‘ಡೌಯಿನ್’ ಅನ್ನು ಹೊರತಂದಿತು; ಅದರ ಅಂತರರಾಷ್ಟ್ರೀಯ ರೂಪವಾದ ಟಿಕ್‌ಟಾಕ್ 2017ರಲ್ಲಿ ಬಂದು, 2018ರ ಆಗಸ್ಟಿನಲ್ಲಿ ಮ್ಯೂಸಿಕಲಿ ಎಂಬ ಆ್ಯಪ್ ಅನ್ನು ತನ್ನಲ್ಲಿ ವಿಲೀನಗೊಳಿಸಿಕೊಂಡಿತು. ಫೇಸ್‌ಬುಕ್ಕಿನಲ್ಲಿ ಗೆಳೆಯರ ಬಳಗವಾದರೂ ಬೇಕಿತ್ತು. ಇಲ್ಲಿ ಅದೂ ಬೇಡ. ಯಾವ ದೃಶ್ಯದ ಮೇಲೆ ಬೆರಳು ತಡೆಯಿತು, ಯಾವುದನ್ನು ಸರಿಸಿತು ಎಂಬುದೇ ಸಾಕು. ಒಂದೊಂದು ದೃಶ್ಯ ಕೆಲವು ಸೆಕೆಂಡುಗಳದಾದುದರಿಂದ ಒಂದು ಗಂಟೆಯಲ್ಲಿ ದೊರೆಯುವ ಸುಳಿವುಗಳೂ ನೂರಾರು.

2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ದೇಶದ ಭದ್ರತೆಯ ಕಾರಣ ನೀಡಿ ನಿಷೇಧಿಸಿತು. ಆ ಬಳಿಕ ನಡೆದುದು ಈ ಲೇಖನದ ದೃಷ್ಟಿಯಿಂದ ಮಹತ್ವದ್ದು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಶೇರ್‌ಚಾಟ್ ಸಂಸ್ಥೆಯ ‘ಮೋಜ್’ ಹೊರಬಂದಿತು; ಬೆಂಗಳೂರಿನದೇ ಆದ ಡೈಲಿಹಂಟ್ ಬಳಗದ ‘ಜೋಶ್’ ಬಂದಿತು; ಇನ್‌ಸ್ಟಾಗ್ರಾಮಿನ ರೀಲ್ಸ್ ಜುಲೈಯಲ್ಲಿಯೂ ಯೂಟ್ಯೂಬ್ ಶಾರ್ಟ್ಸ್‌ನ ಪ್ರಾಯೋಗಿಕ ರೂಪ ಸೆಪ್ಟೆಂಬರಿನಲ್ಲಿಯೂ ಭಾರತದಲ್ಲಿ ಆರಂಭವಾದವು. ಒಡೆತನ ಬದಲಾಯಿತು, ಭಾಷೆಗಳು ಹೆಚ್ಚಿದವು, ಕನ್ನಡದ ಹಾಡು, ಹಾಸ್ಯ, ಹಳ್ಳಿಯ ಮಾತುಗಳು ಯಥೇಚ್ಛವಾಗಿ ಸೇರಿದವು. ಬೆರಳಿನ ಚಲನೆ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಪ್ರಶ್ನೆ ಯಾವ ದೇಶದ ಆ್ಯಪ್ ಎಂಬುದಷ್ಟೇ ಆಗಿ, ಅದರ ವಿನ್ಯಾಸ ಎಂತಹುದೆಂಬುದು ಪ್ರಶ್ನೆಯೇ ಆಗಲಿಲ್ಲ.

ಇಂತಹ ಆ್ಯಪ್‌ಗಳು ತಯಾರಾಗುವ ಬೆಂಗಳೂರಿನಲ್ಲಿಯೇ, ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು (ನಿಮ್ಹಾನ್ಸ್) ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ 2014ರಲ್ಲಿ ‘ಶಟ್’ ಎಂಬ ವಿಶೇಷ ಚಿಕಿತ್ಸಾಲಯವನ್ನು ಆರಂಭಿಸಿತ್ತು. ಜಿಯೋ ಬರುವುದಕ್ಕೆ ಎರಡು ವರ್ಷ ಮೊದಲು ಎಂಬುದು ಗಮನಾರ್ಹ. ಆರೋಗ್ಯಕರ ಬಳಕೆ ಎಂಬುದು ಆ ಹೆಸರಿನ ವಿಸ್ತರಣೆಯಲ್ಲಿಯೇ ಸೇರಿದೆ. ವರ್ಜನವಲ್ಲ, ಮಿತಿಯೇ ಅಲ್ಲಿಯ ಗುರಿ.

ಆಧಾರಗಳ ಬಗೆಗೆ

ಇಲ್ಲಿ ಸಂಶೋಧಕರು ಎಚ್ಚರ ವಹಿಸಬೇಕಾದ ಒಂದು ಸಂಗತಿಯಿದೆ. ಮನುಷ್ಯನ ಏಕಾಗ್ರತೆಯ ಅವಧಿ ಎಂಟು ಸೆಕೆಂಡಿಗೆ ಇಳಿದಿದೆ, ಹೊಂಬಣ್ಣದ ಮೀನಿನದಕ್ಕಿಂತಲೂ ಕಡಿಮೆ ಎಂಬ ಮಾತು 2015ರ ವಾಣಿಜ್ಯ ವರದಿಯೊಂದರಿಂದ ಪತ್ರಿಕೆಗಳಿಗೆ ಹಬ್ಬಿ ಇಂದಿಗೂ ಭಾಷಣಗಳಲ್ಲಿ ಸುಳಿಯುತ್ತಿದೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರ ಅಳತೆಗಳು ಬೇರೆ ಬಗೆಯವು: ಕಚೇರಿಯ ಕೆಲಸಗಾರರು ಒಂದು ತೆರೆಯ ಮೇಲೆ ನಿಲ್ಲುವ ಸರಾಸರಿ ಅವಧಿ 2004ರ ಸುಮಾರಿಗೆ ಎರಡೂವರೆ ನಿಮಿಷವಿದ್ದುದು ಮುಂದಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ. ಇದು ಮನಸ್ಸಿನ ಸಾಮರ್ಥ್ಯ ಕುಸಿದುದರ ಅಳತೆಯಲ್ಲ. ವರ್ತನೆಯ ಅಳತೆ ಮಾತ್ರ. ಹದಿಹರೆಯದವರ ಕ್ಷೇಮಕ್ಕೂ ತೆರೆಯ ಬಳಕೆಗೂ ಇರುವ ಸಂಬಂಧವನ್ನು ಬೃಹತ್ ದತ್ತಾಂಶಗಳಲ್ಲಿ ಪರಿಶೀಲಿಸಿದ ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಶ್ಬಿಲ್‌ಸ್ಕಿ 2019ರಲ್ಲಿ ಆ ಸಂಬಂಧ ಋಣಾತ್ಮಕವಾದರೂ ಅತ್ಯಲ್ಪವೆಂದು, ಕ್ಷೇಮದ ಏರುಪೇರಿನಲ್ಲಿ ಶೇಕಡ 0.4ಕ್ಕಿಂತ ಹೆಚ್ಚನ್ನು ಅದು ವಿವರಿಸಲಾರದೆಂದು ತೋರಿಸಿದರು. ಹಾನಿಯ ಪ್ರಮಾಣದ ಬಗೆಗೆ ವಿವಾದ ಮುಂದುವರಿದಿದೆ. ಆದರೆ ಹಾನಿಯ ಪ್ರಶ್ನೆಯೂ ಕರ್ತೃತ್ವದ ಪ್ರಶ್ನೆಯೂ ಒಂದೇ ಅಲ್ಲ. ಒಬ್ಬನ ಸಂಜೆಯ ಎರಡು ಗಂಟೆ ಅವನ ಸಂಕಲ್ಪವಿಲ್ಲದೆ ಕಳೆಯಿತೆಂದರೆ ಅವನಿಗೆ ರೋಗ ಬಂದಿರಲೇಬೇಕೆಂದಿಲ್ಲ.

ಮುಕ್ತಾಯವನ್ನು ಮರಳಿ ತರುವ ಯತ್ನಗಳು

ಉದ್ಯಮದ ಒಳಗಿನಿಂದ ಬಂದ ಮೊದಲ ಗಮನಾರ್ಹ ಆಕ್ಷೇಪ 2013ರದು. ಗೂಗಲ್ ಉದ್ಯೋಗಿಯಾಗಿದ್ದ ಟ್ರಿಸ್ಟನ್ ಹ್ಯಾರಿಸ್ ಬಳಕೆದಾರರ ಗಮನವನ್ನು ಗೌರವಿಸಬೇಕೆಂದು ಕೋರುವ ಸಚಿತ್ರ ಟಿಪ್ಪಣಿಯೊಂದನ್ನು ಸಹೋದ್ಯೋಗಿಗಳಿಗೆ ಹಂಚಿದರು. ಅದು ಸಂಸ್ಥೆಯೊಳಗೆ ಬಹಳ ಬೇಗ ಹಬ್ಬಿತು, ಮೆಚ್ಚುಗೆ ಪಡೆಯಿತು, ಬದಲಾದುದು ಸ್ವಲ್ಪ. 2017ರ ನವೆಂಬರಿನಲ್ಲಿ ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷ ಷಾನ್ ಪಾರ್ಕರ್, ಜನರ ಸಮಯ ಮತ್ತು ಗಮನವನ್ನು ಆದಷ್ಟು ಹೆಚ್ಚು ಬಳಸಿಕೊಳ್ಳುವುದು ಹೇಗೆಂಬುದೇ ಆರಂಭದ ಚಿಂತನೆಯಾಗಿತ್ತೆಂದೂ ಮನುಷ್ಯಮನಸ್ಸಿನ ದೌರ್ಬಲ್ಯವನ್ನು ತಿಳಿದೇ ಬಳಸಿಕೊಂಡೆವೆಂದೂ ಬಹಿರಂಗವಾಗಿ ಒಪ್ಪಿಕೊಂಡರು. ಮರುವರ್ಷ ಆಪಲ್ ಮತ್ತು ಗೂಗಲ್ ಬಳಕೆಯ ಸಮಯವನ್ನು ತೋರಿಸುವ ಸಾಧನಗಳನ್ನು ಫೋನಿಗೆ ಸೇರಿಸಿದವು. ಅಳೆಯುವ ಅಧಿಕಾರ ಎಂಟು ದಶಕಗಳ ಬಳಿಕ ಅಳತೆಗೊಳಗಾದವನ ಕೈಗೂ ಬಂದಂತಾಯಿತು. ಕೈಗೆ ಬಂದದ್ದು ಸಂಖ್ಯೆಯೇ ಹೊರತು ನಿಲುಗಡೆಯಲ್ಲ.

ನಿಲುಗಡೆಯನ್ನೇ ಮರಳಿ ತಂದ ಒಂದು ಪ್ರಯೋಗ 2018ರ ಜುಲೈಯಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ನಡೆಯಿತು. ಹಿಂದಿನ ಎರಡು ದಿನಗಳಲ್ಲಿ ಪರಿಚಿತರು ಹಂಚಿದ ಎಲ್ಲವನ್ನೂ ನೋಡಿ ಮುಗಿಸಿದವರಿಗೆ, ನೀವು ಎಲ್ಲವನ್ನೂ ನೋಡಿದ್ದೀರಿ ಎಂದು ಹೇಳುವ ಹಸಿರು ಗುರುತಿನ ಸೂಚನೆ ಕಾಣಿಸತೊಡಗಿತು. ಡಿಜಿಟಲ್ ಇತಿಹಾಸದಲ್ಲಿ ಮಂಗಳಕ್ಕೆ ಅತ್ಯಂತ ಸಮೀಪವಾದ ವಸ್ತು ಬಹುಶಃ ಇದೇ. ಎರಡು ವರ್ಷಗಳ ಬಳಿಕ, 2020ರ ಆಗಸ್ಟಿನಲ್ಲಿ, ಅದೇ ಸೂಚನೆಯ ಕೆಳಗೆ ಅಪರಿಚಿತರ ‘ಸೂಚಿತ’ ಚಿತ್ರಗಳ ಸಾಲನ್ನು ಜೋಡಿಸಲಾಯಿತು. ಮಂಗಳ ಹಾಡಿದ ಮೇಲೆ ಇನ್ನೊಂದು ಪ್ರಸಂಗ ಆರಂಭವಾಯಿತು.

ಕಾನೂನಿನ ಯತ್ನಗಳು ಹೆಚ್ಚಾಗಿ ವಯಸ್ಸನ್ನು ಆಧರಿಸಿವೆ. ಚೀನಾ 2021ರ ಆಗಸ್ಟಿನಲ್ಲಿ ಅಪ್ರಾಪ್ತವಯಸ್ಕರ ಆನ್‌ಲೈನ್ ಆಟಗಳನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳ ರಾತ್ರಿ 8ರಿಂದ 9ರವರೆಗಿನ ಒಂದು ಗಂಟೆಗೆ ಸೀಮಿತಗೊಳಿಸಿತು. ಆಸ್ಟ್ರೇಲಿಯದ ಸಂಸತ್ತು ಹದಿನಾರು ವರ್ಷದೊಳಗಿನವರಿಗೆ ಸಾಮಾಜಿಕ ಮಾಧ್ಯಮದ ಖಾತೆಗಳನ್ನು ನಿರ್ಬಂಧಿಸುವ ಕಾನೂನನ್ನು 2024ರ ನವೆಂಬರಿನಲ್ಲಿ ಅಂಗೀಕರಿಸಿ 2025ರ ಡಿಸೆಂಬರ್ 10ರಿಂದ ಜಾರಿಗೊಳಿಸಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮಕ್ಕಳ ವರ್ತನೆಯ ಮೇಲೆ ಕಣ್ಣಿಡುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತುಗಳನ್ನೂ ನಿಷೇಧಿಸುತ್ತದೆ. ಸುರುಳಿಗೆ ಕೊನೆಯಿರಬೇಕೇ ಎಂಬ ವಿಷಯವನ್ನು ಅದು ಮುಟ್ಟುವುದಿಲ್ಲ. ವಿನ್ಯಾಸವನ್ನೇ ನೇರವಾಗಿ ಪ್ರಶ್ನಿಸಿದ ಪ್ರಕರಣಗಳು ವಿರಳ. ಐರೋಪ್ಯ ಒಕ್ಕೂಟದ 2022ರ ಡಿಜಿಟಲ್ ಸೇವೆಗಳ ಕಾನೂನಿನಡಿ, ದೃಶ್ಯಗಳನ್ನು ನೋಡಿದಷ್ಟೂ ಅಂಕ ನೀಡುತ್ತಿದ್ದ ‘ಟಿಕ್‌ಟಾಕ್ ಲೈಟ್’ನ ಬಹುಮಾನ ಯೋಜನೆಯ ವಿರುದ್ಧ 2024ರ ಏಪ್ರಿಲಿನಲ್ಲಿ ವಿಚಾರಣೆ ಆರಂಭವಾಯಿತು. ಆಗಸ್ಟಿನ ವೇಳೆಗೆ ಸಂಸ್ಥೆಯು ಆ ಯೋಜನೆಯನ್ನು ಒಕ್ಕೂಟದ ದೇಶಗಳಿಂದ ಶಾಶ್ವತವಾಗಿ ಹಿಂತೆಗೆದುಕೊಳ್ಳುವ ವಚನವನ್ನು ನೀಡಿತು, ಆಯೋಗವು ಅದನ್ನು ಬಂಧನಕಾರಿಯಾಗಿಸಿತು. ನೋಡುವುದಕ್ಕೆ ಅಂಕ ಕೊಡುವುದು ಆ ತೀರ್ಮಾನದಿಂದ ನಿಂತಿತು. ಒಂದರ ಕೆಳಗೊಂದು ಬರುವ ದೃಶ್ಯಗಳ ಸಾಲು ಆ ತೀರ್ಮಾನದ ವ್ಯಾಪ್ತಿಗೆ ಸೇರಿರಲಿಲ್ಲ.